ಅಳೆದು ಸುರಿಯುವ ಖರ್ಚು

"ನಮ್ಮ ಗಿರಾಕಿಯೊಬ್ಬರು ಒಂದು ಲಕ್ಷ ರೂಪಾಯಿ ಎಫ್‌ಡಿ ಇಡೋಕೆ ಮೂರು ತಿಂಗಳು ಯೋಚನೆ ಮಾಡ್ತಾರೆ ಮಾವ," ಎಂದಳು ಆಕೆ. "ನಮ್ಮಲ್ಲಿ ಕೇಳ್ತಾರೆ, ಪಕ್ಕದ ಬ್ಯಾಂಕಲ್ಲಿ ಕೇಳ್ತಾರೆ, ಸೊಸೈಟಿಗೂ ಹೋಗಿ ಬರ್ತಾರೆ. ಕಾಲು ಪರ್ಸೆಂಟ್ ಎಲ್ಲಿ ಜಾಸ್ತಿ ಸಿಗುತ್ತೆ ಅಂತ ಹುಡುಕಾಟ. ದುಡ್ಡು ಅಷ್ಟೂ ದಿನ ಎಸ್‌ಬಿ ಖಾತೆಯಲ್ಲೇ ಬಿದ್ದಿರುತ್ತೆ."

ಆಕೆ ಶಿವಮೊಗ್ಗದ ಬ್ಯಾಂಕೊಂದರಲ್ಲಿ ಅಧಿಕಾರಿ. ಎದುರಿಗೆ ಕೂತಿದ್ದವರು ಅರ್ಥಶಾಸ್ತ್ರದ ಮೇಷ್ಟ್ರಾಗಿ ನಿವೃತ್ತರಾದ ಸೋದರಮಾವ. ಲೆಕ್ಕ ಕೈಗೆ ಸಿಕ್ಕರೆ ಬಿಡುವ ಪೈಕಿ ಅಲ್ಲ. ಕಾಲು ಪರ್ಸೆಂಟ್ ಅಂದರೆ ಲಕ್ಷಕ್ಕೆ ವರ್ಷಕ್ಕೆ 250 ರೂಪಾಯಿ. ಎಸ್‌ಬಿ ಬಡ್ಡಿ ಶೇ. 3, ಎಫ್‌ಡಿಯದ್ದು ಶೇ. 7 ಎಂದು ಹಿಡಿದರೂ ಹಣ ಸುಮ್ಮನೆ ಬಿದ್ದಿರುವ ಪ್ರತಿ ತಿಂಗಳು 333 ರೂಪಾಯಿ ಖೋತಾ. ಮೂರು ತಿಂಗಳಿಗೆ ಸಾವಿರ. 250 ಗಳಿಸಲು ಹೋಗಿ ಸಾವಿರ ಕಳೆದ ಹಾಗಾಯಿತು.

"ಇದನ್ನ ಅವರಿಗೆ ಹೇಳಿದ್ಯಾ?"

"ಹೇಳಿದೆ. 'ಯೋಚನೆ ಮಾಡಿ ಹೇಳ್ತೀನಿ ಮೇಡಂ' ಅಂದ್ರು."

ಮೇಷ್ಟ್ರು ನಕ್ಕರು. "ಯೋಚನೆ ಬಿಟ್ಟಿ ಅಂದುಕೊಂಡಿದ್ದಾರೆ, ಪಾಪ. ಅವರನ್ನೇ ಯಾಕೆ ಅನ್ನಬೇಕು, ನಾನು ಪಾಠ ಮಾಡಿದ ಪುಸ್ತಕಗಳೂ ಬಹುಕಾಲ ಹಾಗೇ ಅಂದುಕೊಂಡಿದ್ದವು. ಅವುಗಳಲ್ಲಿ ಬರುವ ಮನುಷ್ಯನಿಗೆ ಪೇಟೆಯ ಎಲ್ಲ ಬೆಲೆಯೂ ಗೊತ್ತು, ಕೂಡಿ ಕಳೆಯೋಕೆ ಕ್ಷಣವೂ ಬೇಡ. ವಿಚಾರಿಸೋದಕ್ಕೂ ಖರ್ಚಿದೆ ಅಂತ ಲೆಕ್ಕ ಹಾಕಿ ತೋರಿಸಿದವನು ಷಿಕಾಗೋದ ಜಾರ್ಜ್ ಸ್ಟಿಗ್ಲರ್, 1961ರಲ್ಲಿ. ಒಂದೇ ಊರು, ಒಂದೇ ಮಾದರಿಯ ಷೆವ್ರೊಲೆ ಕಾರು, ಆದರೆ ಒಬ್ಬೊಬ್ಬ ಡೀಲರ್ ಹತ್ತಿರ ಒಂದೊಂದು ಬೆಲೆ. ಯಾಕೆ? ಎಲ್ಲ ಅಂಗಡಿ ಅಲೆಯೋಕೆ ಯಾರಿಗೂ ಪುರಸೊತ್ತಿಲ್ಲ. ಇನ್ನೊಂದು ಅಂಗಡಿಗೆ ಹೋಗೋದರಿಂದ ಸಿಗುವ ಲಾಭ, ಹೋಗೋ ಖರ್ಚಿಗೆ ಸರಿಸಮ ಆಗೋತನಕ ಅಲೆಯಬೇಕು, ಆಮೇಲೆ ನಿಲ್ಲಿಸಬೇಕು ಅಂದ."

"ಕಾರು ಕೊಳ್ಳೋರ ಕಥೆ ಬಿಡಿ. ಇಲ್ಲಿಯ ಜನರದ್ದು ಹೇಳಿ."

ಹೇಳಲು ಅವರ ಬಳಿ ಕಾಸರಗೋಡಿನಿಂದ ಕೋಯಿಕ್ಕೋಡ್‌ವರೆಗಿನ ಕರಾವಳಿಯ ಕಥೆಯೇ ಇತ್ತು. 1997ರ ಜನವರಿ 14ರ ಬೆಳಿಗ್ಗೆ ಉತ್ತರ ಕೇರಳದ ವಡಗರದ ದಡಕ್ಕೆ ಬಂದ 11 ಮೀನುಗಾರರಿಗೆ ಕೊಳ್ಳುವವರೇ ಸಿಗಲಿಲ್ಲ. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗಿನ ಚೊಂಬಾಲ ಮತ್ತು ಕೊಯಿಲಾಂಡಿಯಲ್ಲಿ 27 ಮಂದಿ ಮೀನು ಕೊಳ್ಳಲು ಬಂದು ಬರಿಗೈಲಿ ಹೊರಡುವುದರಲ್ಲಿದ್ದರು. ಒಬ್ಬರಿಗೊಬ್ಬರ ಸುದ್ದಿ ಗೊತ್ತಿಲ್ಲ. ದೋಣಿಯಲ್ಲಿ ಕೂತವನು ಊರೂರಿನ ದರ ತಿಳಿಯಬೇಕಾದರೆ ಡೀಸೆಲ್ ಸುಟ್ಟು ದಡದಿಂದ ದಡಕ್ಕೆ ಹೋಗಬೇಕು. ಅಷ್ಟರಲ್ಲಿ ಸಂತೆ ಮುಗಿದಿರುತ್ತದೆ, ಬೂತಾಯಿ ಹಳಸಿರುತ್ತದೆ. ಹಾಗಾಗಿ ಬಹುತೇಕ ಎಲ್ಲರೂ ತಮ್ಮೂರಿನ ದಡಕ್ಕೇ ಬರುತ್ತಿದ್ದರು. ದಿನವೂ ಹಿಡಿದ ಮೀನಿನಲ್ಲಿ ಶೇ. 5ರಿಂದ 8ರಷ್ಟು ವ್ಯರ್ಥವಾಗುತ್ತಿತ್ತು. ಆ ವರ್ಷದಿಂದ 2001ರವರೆಗೆ ಹಂತಹಂತವಾಗಿ ಆ ಕರಾವಳಿಗೆ ಮೊಬೈಲ್ ಬಂತು. ಕಡಲಲ್ಲಿದ್ದೇ ಫೋನ್ ಮಾಡಿ ದರ ಕೇಳಿ ದೋಣಿ ತಿರುಗಿಸುವುದು ಶುರುವಾಯಿತು. ಈ ಬದಲಾವಣೆಯನ್ನು ವಾರವಾರ ದಾಖಲಿಸಿದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಲೆಕ್ಕ ಕೊಟ್ಟರು: ಮೀನುಗಾರರ ಲಾಭ ಸರಾಸರಿ ಶೇ. 8 ಏರಿತು, ಕೊಳ್ಳುವವರಿಗೆ ಬೆಲೆ ಶೇ. 4 ಇಳಿಯಿತು, ಮೀನು ಚೆಲ್ಲುವುದು ಹೆಚ್ಚುಕಡಿಮೆ ನಿಂತೇಹೋಯಿತು.

"ನೋಡು, ಆ ಮೀನುಗಾರರು ಫೋನ್ ಬರೋ ಮುಂಚೆ ದಡ್ಡರಾಗಿರಲಿಲ್ಲ. ಫೋನ್ ಬಂದಮೇಲೆ ಜಾಣರಾಗಲೂ ಇಲ್ಲ. ವಿಚಾರಿಸೋ ಖರ್ಚು ಇಳಿಯಿತು, ಅಷ್ಟೆ."

ಆಕೆಗೆ ಸಮಾಧಾನವಾಗಲಿಲ್ಲ. "ಫೋನ್ ಮಾಡಿದರೆ ದರ ಗೊತ್ತಾಗುತ್ತೆ ಮಾವ. ದರ ಒಂದು ಸಂಖ್ಯೆ. ಯೋಚನೆ ಮಾಡೋದು ಹಾಗಲ್ಲವಲ್ಲ. ಇನ್ನೊಂದು ಗಂಟೆ ತಲೆ ಕೆಡಿಸಿಕೊಂಡರೆ ಏನು ಹೊಳೆಯುತ್ತೆ ಅಂತ ಮೊದಲೇ ಗೊತ್ತಿದ್ದರೆ, ಆ ಗಂಟೆ ಬೇಕೇ ಆಗ್ತಿರಲಿಲ್ಲ. ಲಾಭ ಗೊತ್ತಿಲ್ಲದೆ ಖರ್ಚಿಗೆ ಸರಿಸಮ ಮಾಡೋದು ಹೇಗೆ? ಎಷ್ಟು ಯೋಚಿಸಬೇಕು ಅಂತ ಮೊದಲು ಯೋಚಿಸಬೇಕು. ಅದಕ್ಕೆಷ್ಟು ಹೊತ್ತು ಕೊಡಬೇಕು ಅಂತ ಅದಕ್ಕೂ ಮುಂಚೆ ಯೋಚಿಸಬೇಕು..."

ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು. ಈ ಪ್ರಶ್ನೆ ಅರ್ಥಶಾಸ್ತ್ರಕ್ಕೆ ಇಂದಿಗೂ ಗಂಟಲಲ್ಲಿ ಸಿಕ್ಕಿಕೊಂಡಿರುವ ಮುಳ್ಳು. ಅನೇಕರು ಇದಕ್ಕೆ ಸೂತ್ರ ಬರೆದಿದ್ದಾರೆ. ಆದರೆ ಪ್ರತಿ ಸೂತ್ರವನ್ನು ಬಿಡಿಸಲೂ ಒಂದಿಷ್ಟು ಯೋಚನೆ ಬೇಕು, ಆ ಯೋಚನೆಯ ಖರ್ಚು ಸೂತ್ರದ ಹೊರಗೇ ಉಳಿಯುತ್ತದೆ.

"ಇದಕ್ಕೆ ಸೂತ್ರ ಬರೆಯದೆ ಉತ್ತರ ಕೊಟ್ಟವನು ಹರ್ಬರ್ಟ್ ಸೈಮನ್," ಎಂದರು. ವಿದ್ಯಾರ್ಥಿಯಾಗಿದ್ದಾಗ, 1935ರಲ್ಲಿ, ಸೈಮನ್ ತನ್ನ ಹುಟ್ಟೂರು ಮಿಲ್ವಾಕಿಯಲ್ಲಿ ಮಕ್ಕಳ ಆಟದ ಮೈದಾನಗಳ ಆಡಳಿತವನ್ನು ನೋಡಲು ಹೋಗಿದ್ದ. ಮೈದಾನದ ದುರಸ್ತಿಗೆ ಎಷ್ಟು, ಮಕ್ಕಳನ್ನು ಆಡಿಸುವವರ ಸಂಬಳಕ್ಕೆ ಎಷ್ಟು ಎಂದು ಹಣ ಹಂಚಬೇಕಿತ್ತು. ಪಾಠದಲ್ಲಿ ಓದಿದ್ದ ಪ್ರಕಾರ ಎರಡೂ ಕಡೆ ಕೊನೆಯ ಡಾಲರಿನ ಪ್ರಯೋಜನ ಸಮ ಇರಬೇಕು. ಅಲ್ಲಿ ಯಾರೂ ಆ ಲೆಕ್ಕ ಹಾಕುತ್ತಿರಲಿಲ್ಲ. ಹಾಕುವುದು ಸಾಧ್ಯವೂ ಇರಲಿಲ್ಲ. ಹಾಗಾದರೆ ಜನ ನಿಜಕ್ಕೂ ಹೇಗೆ ನಿರ್ಧರಿಸುತ್ತಾರೆ ಎನ್ನುವುದೇ ಆತನ ಬದುಕಿನ ಕೆಲಸವಾಯಿತು. 1950ರ ದಶಕದ ನಡುವೆ ಆತ ಹೇಳಿದ್ದಿಷ್ಟು: ಮನುಷ್ಯ ಅತ್ಯುತ್ತಮವನ್ನು ಹುಡುಕುವುದಿಲ್ಲ. 'ಇಷ್ಟಿದ್ದರೆ ಸಾಕು' ಎಂಬ ಮಟ್ಟವೊಂದನ್ನು ಇಟ್ಟುಕೊಂಡಿರುತ್ತಾನೆ, ಅದನ್ನು ಮುಟ್ಟಿದ ಮೊದಲನೆಯದಕ್ಕೆ ಕೈಹಾಕುತ್ತಾನೆ. ಬೇಗ ಸಿಕ್ಕರೆ ಮುಂದಿನ ಸಲ ಮಟ್ಟ ಏರಿಸುತ್ತಾನೆ, ಸಿಗದಿದ್ದರೆ ಇಳಿಸುತ್ತಾನೆ. ಸೈಮನ್‌ಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಸ್ಟಿಗ್ಲರ್‌ಗೆ 1982ರಲ್ಲಿ.

"ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಮ್ಮಜ್ಜಿ ಹೇಳ್ತಿದ್ದರು," ಎಂದಳು ಆಕೆ. "ನಿಮ್ಮ ಸೈಮನ್ ಹೇಳಿದ ಹಾಗೆ ನಡೆದರೆ ಮೊದಲು ಸಿಕ್ಕಿದ ಸೈಟು, ಮೊದಲು ಬಂದ ಗಂಡು, ಎಲ್ಲದಕ್ಕೂ ಹೂಂ ಅನ್ನಬೇಕಾಗುತ್ತೆ."

"ಗಂಡು-ಹೆಣ್ಣಿನ ಮಾತು ಬಂತಲ್ಲ, ಕೆಪ್ಲರ್ ಕಥೆ ಕೇಳು."

ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಯೊಹಾನೆಸ್ ಕೆಪ್ಲರ್‌ನ ಹೆಂಡತಿ 1611ರಲ್ಲಿ ತೀರಿಕೊಂಡಳು. ಮರುಮದುವೆಗೆ ಆತ ಒಬ್ಬರಾದ ಮೇಲೊಬ್ಬರಂತೆ 11 ಮಂದಿಯನ್ನು ಪರಿಗಣಿಸಿದ. ಗೆಳೆಯರ ಸಲಹೆ, ಬಂಧುಗಳ ತಕರಾರು, ವರದಕ್ಷಿಣೆ, ಮನೆತನ, ಯಾವುದನ್ನೂ ಬಿಡಲಿಲ್ಲ. ಕೊನೆಗೆ 1613ರಲ್ಲಿ ಮದುವೆಯಾದದ್ದು ಐದನೆಯವಳನ್ನು, ಸುಸಾನಾಳನ್ನು. ಅದೇ ವರ್ಷ ಈ ಹುಡುಕಾಟವನ್ನೆಲ್ಲ ಉದ್ದನೆಯ ಕಾಗದದಲ್ಲಿ ಬರೆದಿಟ್ಟ. ಗಣಿತದವರಿಗೆ ಈ ಪ್ರಸಂಗ ಅಚ್ಚುಮೆಚ್ಚು. 1960ರಲ್ಲಿ ಮಾರ್ಟಿನ್ ಗಾರ್ಡ್ನರ್ ತನ್ನ ಅಂಕಣದಲ್ಲಿ ಜನಪ್ರಿಯಗೊಳಿಸಿದ, ಈಗ 'ಸೆಕ್ರೆಟರಿ ಪ್ರಾಬ್ಲಂ' ಎನ್ನಿಸಿಕೊಂಡಿರುವ ಲೆಕ್ಕದ ಉತ್ತರ ಹೀಗಿದೆ: ಒಬ್ಬೊಬ್ಬರಾಗಿ ಬರುತ್ತಾರೆ, ಬಿಟ್ಟವರು ಮತ್ತೆ ಸಿಗುವುದಿಲ್ಲ ಎಂದಾದರೆ, ಮೊದಲ ಶೇ. 37ರಷ್ಟು ಜನರನ್ನು ನೋಡಿ ಸುಮ್ಮನಿರಬೇಕು. ಆಮೇಲೆ ಅವರೆಲ್ಲರಿಗಿಂತ ಉತ್ತಮ ಅನ್ನಿಸಿದ ಮೊದಲನೆಯವರನ್ನು ಒಪ್ಪಬೇಕು. ಹನ್ನೊಂದರಲ್ಲಿ ನಾಲ್ವರನ್ನು ಬಿಟ್ಟರೆ ಮುಂದಿನವಳು ಐದನೆಯವಳೇ.

"ಅಂದರೆ ಆಮೇಲಿನ ಆರು ಜನರನ್ನ ನೋಡಿದ್ದು ದಂಡ?"

"ಸೂತ್ರದ ಪ್ರಕಾರ ಹೌದು. ಆದರೆ ಆ ಸೂತ್ರ ನಡೆಸಿದರೂ ಅತ್ಯುತ್ತಮ ಸಿಗೋ ಸಂಭವ ಶೇ. 37ರ ಆಸುಪಾಸು ಮಾತ್ರ. ಮೂರರಲ್ಲಿ ಎರಡು ಸಲ ತಪ್ಪೇ."

"ಅದಿರಲಿ. ಆ 11 ಮಂದಿ ಹೆಣ್ಣುಮಕ್ಕಳೂ ಅಷ್ಟು ದಿನ ಏನೋ ಯೋಚಿಸುತ್ತಾ ಕಾದಿದ್ದರಲ್ಲ, ಅದರ ಖರ್ಚು ಯಾರ ಲೆಕ್ಕಕ್ಕೆ?"

ಮೇಷ್ಟ್ರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಇರಬೇಕಾದದ್ದೂ ಅಲ್ಲ, ಯಾಕೆಂದರೆ ಆಕೆಯ ಪ್ರಶ್ನೆಯೇ ಸೂತ್ರಕ್ಕಿಂತ ಮುಂದೆ ಹೋಗಿತ್ತು. ಒಬ್ಬನ ಅಳೆದು ಸುರಿಯುವಿಕೆಯ ಬಿಲ್ಲು ಎಷ್ಟೋ ಸಲ ಹೋಗುವುದು ಇನ್ನೊಬ್ಬರ ಮನೆಗೆ.

ಚದುರಂಗದವರು ಇದನ್ನು ಬೇಗ ಅರಿತರು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಒಂದು ನಡೆಗೆ ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದಿತ್ತು. 1851ರ ಲಂಡನ್ ಪಂದ್ಯಾವಳಿಯಲ್ಲಿ ಎದುರಾಳಿಯ ನಿಧಾನದಿಂದ ಹೋವರ್ಡ್ ಸ್ಟಾಂಟನ್ ರೋಸಿಹೋಗಿದ್ದ. ಹತ್ತು ವರ್ಷದಲ್ಲಿ ಮರಳುಗಡಿಯಾರ ಬಂತು. 1883ರ ಲಂಡನ್ ಪಂದ್ಯಾವಳಿಗೆ ಜೋಡಿ ಮುಖದ ಗಡಿಯಾರ ಬಂತು. ಈ ಗಡಿಯಾರದ ಜಾಣ್ಮೆ ಏನೆಂದರೆ, ಯಾವ ನಡೆಗೆ ಎಷ್ಟು ಹೊತ್ತು ಎಂದು ಅದು ಹೇಳುವುದಿಲ್ಲ. ಒಟ್ಟು ಬಂಡವಾಳ ಇಷ್ಟು, ಹಂಚಿಕೊಳ್ಳುವುದು ನಿನ್ನ ಪಾಡು. ಹಂಚಿಕೊಳ್ಳಲಾಗದವರೂ ಇದ್ದರು. ಜರ್ಮನಿಯ ಗ್ರ್ಯಾಂಡ್‌ಮಾಸ್ಟರ್ ಫ್ರೀಡ್ರಿಖ್ ಝೇಮಿಷ್ 1969ರಲ್ಲಿ ಸ್ವೀಡನ್ನಿನ ಲಿನ್‌ಷೋಪಿಂಗ್‌ನಲ್ಲಿ 13 ಆಟಗಳನ್ನೂ ಸಮಯ ಮೀರಿಯೇ ಸೋತರು. ಇತ್ತ, ಹುಡುಗನಾಗಿದ್ದಾಗಲೇ ಮಿಂಚಿನ ವೇಗಕ್ಕೆ ಹೆಸರಾದ ನಮ್ಮ ವಿಶ್ವನಾಥನ್ ಆನಂದ್ 48ನೇ ವಯಸ್ಸಿನಲ್ಲಿ, 2017ರಲ್ಲಿ, ರ‍್ಯಾಪಿಡ್ ವಿಶ್ವ ಪ್ರಶಸ್ತಿ ಗೆದ್ದರು.

"ಎಷ್ಟು ಯೋಚಿಸಬೇಕು ಅನ್ನೋದಕ್ಕೆ ಒಳಗಿನಿಂದ ಉತ್ತರ ಸಿಗದೇ ಇದ್ದಾಗ ಹೊರಗಿನಿಂದ ಗಡಿ ಹಾಕ್ತಾರೆ. ಮುಹೂರ್ತ, ಟೆಂಡರ್ ತಾರೀಖು, ಚದುರಂಗದ ಗಡಿಯಾರ, ಎಲ್ಲ ಅದೇ. ಹಾಗಾಗಿ ನಾನು ಕೇಳೋದು ಗಡಿ ಯಾರು ಹಾಕಿದರು, ನಿಯಮ ಯಾರು ಬರೆದರು ಅಂತ. ಒಳ್ಳೇ ನಿಯಮ ಬರೆದರೆ ಬೇಡದ ಯೋಚನೆಯನ್ನೇ ತಪ್ಪಿಸಬಹುದು."

"ಉದಾಹರಣೆಗೆ?"

"ನಿನ್ನ ಮಗಳ ಸಿಇಟಿ ಆಪ್ಷನ್ ಎಂಟ್ರಿ."

ಆಕೆ ತಲೆಗೆ ಕೈಹೊತ್ತಳು. ಮನೆಯಲ್ಲಿ ಆಗ ನಡೆಯುತ್ತಿದ್ದ ಯುದ್ಧವೇ ಅದು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜು, ಪ್ರತಿಯೊಂದರಲ್ಲೂ ಹಲವು ಬ್ರಾಂಚು. ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ಹರಡಿಕೊಂಡು, ಮಗಳ ರ‍್ಯಾಂಕಿಗೆ ಯಾವುದು ಸಿಗಬಹುದು, ಯಾವುದು ಸಿಗಲಾರದು ಎಂದು ರಾತ್ರಿಯೆಲ್ಲ ಲೆಕ್ಕ. "ಸಿಗಲ್ಲ ಅಂತ ಗೊತ್ತಿರೋ ಕಾಲೇಜನ್ನ ಮೇಲೆ ಹಾಕಿದರೆ ಸಿಗೋದೂ ಕೈತಪ್ಪುತ್ತೆ ಅಂತಾರಲ್ಲ ಮಾವ?"

"ಯಾರು ಅಂತಾರೆ?"

"ಎಲ್ಲರೂ."

ಮೇಷ್ಟ್ರು ಇಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಆ 'ಎಲ್ಲರೂ' ಹೇಳುವ ಮಾತು ನಿಜವಾಗಿದ್ದ ಊರೊಂದಿದೆ: ಅಮೆರಿಕದ ಬಾಸ್ಟನ್. ಅಲ್ಲಿ ಸರ್ಕಾರಿ ಶಾಲೆಗಳ ಸೀಟು ಹಂಚುವಾಗ ಮೊದಲು ಎಲ್ಲರ ಮೊದಲ ಆಯ್ಕೆಯನ್ನು ಮಾತ್ರ ನೋಡಿ ಸೀಟು ಖಾಯಂ ಮಾಡುತ್ತಿದ್ದರು. ಅದು ತಪ್ಪಿ ಎರಡನೆಯ ಆಯ್ಕೆಗೆ ಬರುವಷ್ಟರಲ್ಲಿ ಒಳ್ಳೆಯ ಶಾಲೆಗಳು ಭರ್ತಿಯಾಗಿರುತ್ತಿದ್ದವು. ಹಾಗಾಗಿ ನಿಜವಾದ ಇಷ್ಟವನ್ನು ಮೊದಲಿಗೆ ಬರೆಯುವುದು ಜೂಜು. ಪಶ್ಚಿಮ ವಲಯದ ಪೋಷಕರ ಗುಂಪೊಂದು ಸಭೆ ಸೇರಿ, ಯಾವ ಶಾಲೆಯನ್ನು ಎಷ್ಟನೆಯದಾಗಿ ಬರೆದರೆ ಲಾಭ ಎಂದು ತಂತ್ರ ಹಂಚಿಕೊಳ್ಳುತ್ತಿತ್ತು. ಪುರಸೊತ್ತು, ಪರಿಚಯ ಇದ್ದವರ ಮಕ್ಕಳಿಗೆ ಅನುಕೂಲ. ಫಾರಂನಲ್ಲಿ ಕೇಳಿದ್ದನ್ನು ನಂಬಿ ಇಷ್ಟವಿದ್ದದ್ದನ್ನೇ ಬರೆದವರ ಮಕ್ಕಳಿಗೆ ನಷ್ಟ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಇಬ್ಬರು ಗಣಿತಜ್ಞರು 1962ರಲ್ಲೇ ಬೇರೊಂದು ವಿಧಾನ ಕೊಟ್ಟಿದ್ದರು. ಅದರಲ್ಲಿ ನಿಜವಾದ ಇಷ್ಟದ ಕ್ರಮ ಬರೆದ ವಿದ್ಯಾರ್ಥಿಗೆ ಯಾವತ್ತೂ ನಷ್ಟವಿಲ್ಲ. ಆಲ್ವಿನ್ ರಾತ್ ಮೊದಲಾದ ಅರ್ಥಶಾಸ್ತ್ರಜ್ಞರ ಸಲಹೆಯಂತೆ 2005ರಲ್ಲಿ ಬಾಸ್ಟನ್ ಹಳೆಯ ಪದ್ಧತಿ ಬಿಟ್ಟು ಇದಕ್ಕೆ ಬಂತು. ತಂತ್ರ ಗೊತ್ತಿಲ್ಲದವರಿಗೆ ಅನ್ಯಾಯ ಆಗಬಾರದು ಎನ್ನುವುದೇ ಮುಖ್ಯ ಕಾರಣ. ರಾತ್ ಮತ್ತು ಶೇಪ್ಲಿಗೆ 2012ರಲ್ಲಿ ನೊಬೆಲ್ ಬಂತು.

"ನಮ್ಮ ಪರೀಕ್ಷಾ ಪ್ರಾಧಿಕಾರದ್ದು ಬಾಸ್ಟನ್ನಿನ ಹಳೇ ಪದ್ಧತಿ ಅಲ್ಲ. ಇಲ್ಲಿ ರ‍್ಯಾಂಕಿನ ಪ್ರಕಾರ, ಮೀಸಲಾತಿ ವರ್ಗ ನೋಡಿಕೊಂಡು, ಒಬ್ಬೊಬ್ಬರ ಪಟ್ಟಿಯನ್ನ ಮೇಲಿಂದ ಕೆಳಕ್ಕೆ ನೋಡ್ತಾ ಬರುತ್ತೆ ಕಂಪ್ಯೂಟರ್. ಮೊದಲನೇದು ಖಾಲಿ ಇಲ್ಲವಾ, ಎರಡನೇದು. ಅದೂ ಇಲ್ಲವಾ, ಮೂರನೇದು. ನಿನ್ನ ಮಗಳಿಗಿಂತ ಹಿಂದಿನ ರ‍್ಯಾಂಕಿನ ಹುಡುಗ ಅದೇ ವರ್ಗದಲ್ಲಿ ಅವಳ ಐದನೇ ಆಯ್ಕೆಯನ್ನ ಮೊದಲನೇದಾಗಿ ಬರೆದಿದ್ದಾನೆ ಅಂತ ಅವಳ ಸೀಟು ಕಿತ್ತುಕೊಳ್ಳೋಕೆ ಆಗಲ್ಲ. ಸಿಗದ ಕಾಲೇಜನ್ನ ಮೇಲೆ ಬರೆದರೆ ಹೋಗೋದು ಒಂದು ಸಾಲು, ಅಷ್ಟೆ."

"ಹಾಗಾದರೆ ಈ ಕಟ್‌ಆಫ್ ಪಟ್ಟಿ?"

"ಪಕ್ಕಕ್ಕಿಡು. ಯೋಚನೆ ಖರ್ಚು ಮಾಡಬೇಕಾದ ಕಡೆ ಮಾಡಿ. ಬ್ರಾಂಚ್ ಮುಖ್ಯವೋ ಕಾಲೇಜ್ ಮುಖ್ಯವೋ, ಫೀಸು ಎಷ್ಟು, ಹಾಸ್ಟೆಲ್ ಹೇಗಿದೆ, ಅವಳಿಗೆ ಏನು ಓದಬೇಕು ಅಂತಿದೆ. ಇಷ್ಟವಿಲ್ಲದ ಕಾಲೇಜನ್ನ ಮಾತ್ರ ಪಟ್ಟಿಗೆ ಸೇರಿಸಬೇಡಿ. ಸೀಟು ಬಂದಮೇಲೆ ಚಾಯ್ಸ್ ಒಂದು, ಎರಡು, ಮೂರು, ನಾಲ್ಕು ಅಂತ ಇದೆಯಲ್ಲ, ಸೇರಿಕೊಳ್ಳೋದೋ, ಇದನ್ನ ಹಿಡಿದುಕೊಂಡೇ ಮೇಲಿನದಕ್ಕೆ ಕಾಯೋದೋ, ಬಿಟ್ಟು ಕಾಯೋದೋ, ಹೊರಗೆ ಹೋಗೋದೋ, ಅಲ್ಲಿ ನಿಜಕ್ಕೂ ಯೋಚಿಸಬೇಕು. ಆ ವರ್ಷದ ಸೂಚನೆ ಓದಿಕೊಂಡು ಯೋಚಿಸಬೇಕು."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆದ್ಯತೆಯ ಕ್ರಮದಲ್ಲಿ ನಮೂದಿಸಿ ಅಂತ ಬರೆದಿರ್ತಾರೆ. ಮೇಲೆ ಹಾಕಿದರೆ ನಷ್ಟ ಇಲ್ಲ ಅಂತ, ಯಾಕೆ ಅಂತ ಬಿಡಿಸಿ ಹೇಳಿದರೆ ಎಷ್ಟು ಮನೆಗಳಲ್ಲಿ ಜನ ನಿದ್ದೆ ಮಾಡ್ತಿದ್ದರು!"

ಅದು ನ್ಯಾಯವಾದ ಮಾತು. ನಿಯಮ ಎಷ್ಟೇ ಸರಳವಿದ್ದರೂ ಅದನ್ನು ಜನ ನಂಬುವಂತೆ ವಿವರಿಸದಿದ್ದರೆ ಯೋಚನೆಯ ಖರ್ಚು ಇಳಿಯುವುದಿಲ್ಲ. ಆ ಖರ್ಚು ಎಲ್ಲರಿಗೂ ಒಂದೇ ಸಮ ಬೀಳುವುದೂ ಇಲ್ಲ. ತಮಿಳುನಾಡಿನ ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಜಿಲ್ಲೆಗಳ 464 ಕಬ್ಬು ಬೆಳೆಗಾರರ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕಬ್ಬಿನ ದುಡ್ಡು ಕೈಗೆ ಬರುವ ಮುಂಚಿನ ಬಿಗಿಯಾದ ದಿನಗಳಲ್ಲಿ ಮತ್ತು ಬಂದ ನಂತರ ಅದೇ ರೈತರಿಗೆ ತರ್ಕದ ಒಗಟು ಕೊಟ್ಟು ನೋಡಿದ್ದರು. ಹಣದ ಚಿಂತೆಯ ದಿನಗಳಲ್ಲಿ ಅದೇ ಮನುಷ್ಯ ಕಡಿಮೆ ಬಿಡಿಸಿದ. ಈ ವಿಶ್ಲೇಷಣೆಗೆ ಅದೇ ಪತ್ರಿಕೆಯಲ್ಲಿ ತಕರಾರೂ ಬಂತು. ಆದರೂ, ಸಾಲದ ಕಂತಿನ ಲೆಕ್ಕ ತಲೆಯಲ್ಲಿ ಓಡುತ್ತಿರುವಾಗ ಇನ್ನೊಂದು ನಿರ್ಧಾರಕ್ಕೆ ಜಾಗ ಕಡಿಮೆ ಎನ್ನುವುದನ್ನು ಬ್ಯಾಂಕಿನ ಕೌಂಟರಿನಲ್ಲಿ ಕೂತವರು ಅಲ್ಲಗಳೆಯಲಾರರು.

"ಅದಕ್ಕೇ ನಮ್ಮಲ್ಲಿ ಬಹಳ ಜನ 'ನೀವೇ ನೋಡಿ ಹಾಕಿ ಮೇಡಂ' ಅನ್ನೋದು," ಎಂದಳು. "ಎನ್‌ಪಿಎಸ್ ಪಿಂಚಣಿ ಯೋಜನೆಯಲ್ಲಿ ದುಡ್ಡು ಎಲ್ಲಿ ಹೂಡಬೇಕು ಅಂತ ಆರಿಸಬಹುದು. ಆರಿಸದೇ ಇದ್ದರೆ ಆಟೋ ಚಾಯ್ಸ್‌ಗೆ ಹೋಗುತ್ತೆ. 35 ವರ್ಷದ ತನಕ ಅರ್ಧ ಷೇರಿಗೆ, ಆಮೇಲೆ ವರ್ಷವರ್ಷ ಇಳೀತಾ 55ಕ್ಕೆ ಶೇ. 10."

"ಯೋಚಿಸಲಾಗದವನ ಬದಲು ಯಾರೋ ಒಬ್ಬರು ಯೋಚಿಸಿಟ್ಟಿದ್ದಾರೆ. ಅವರು ಒಳ್ಳೆಯವರಾದರೆ ಸರಿ." ಅಮೆರಿಕದ ಕಂಪನಿಯೊಂದು ಹೊಸ ನೌಕರರನ್ನು ಕೇಳದೆಯೇ ಪಿಂಚಣಿ ಉಳಿತಾಯಕ್ಕೆ ಸೇರಿಸಿಕೊಂಡು, ಬೇಡದವರು ಹೊರಹೋಗಬಹುದು ಎಂದಿತು. ಶೇ. 86ರಷ್ಟು ಜನ ಒಳಗೇ ಉಳಿದರು ಎಂದು 2001ರಲ್ಲಿ ಬ್ರಿಜಿಟ್ ಮ್ಯಾಡ್ರಿಯನ್ ಮತ್ತು ಡೆನಿಸ್ ಶೀ ವರದಿ ಮಾಡಿದರು. ಅದೇ ವರದಿಯಲ್ಲಿ ಇನ್ನೊಂದು ಮುಖವೂ ಇದೆ. ಕಂಪನಿ ಇಟ್ಟಿದ್ದ ಶೇ. 3ರ ಸಣ್ಣ ವಂತಿಗೆಯನ್ನು ಬಹುಪಾಲು ಮಂದಿ ಬದಲಿಸಲೇ ಇಲ್ಲ.

"ಮೊದಲೇ ಟಿಕ್ ಹಾಕಿಟ್ಟ ಜಾಗವನ್ನ ಜನ ಮುಟ್ಟಲ್ಲ ಅಂತ ಗೊತ್ತಾದಮೇಲೆ ವ್ಯಾಪಾರಿಗಳು ಬಿಡ್ತಾರಾ ಮಾವ? ಟಿಕೆಟ್ ಬುಕ್ ಮಾಡೋಕೆ ಹೋದರೆ ಕೇಳದೇ ಇರೋ ವಿಮೆ ಸೇರಿರುತ್ತೆ. ಆಪ್‌ನಲ್ಲಿ ಚಂದಾ ಕಟ್ಟೋಕೆ ಒಂದು ಒತ್ತು, ನಿಲ್ಲಿಸೋಕೆ ಹತ್ತು ಪುಟ. 'ಇನ್ನು ಎರಡೇ ರೂಮು ಉಳಿದಿವೆ' ಅಂತ ಕೆಂಪಕ್ಷರ."

ಮೇಷ್ಟ್ರು ಒಪ್ಪಿದರು. ಅವರ ಇಡೀ ಶಾಸ್ತ್ರದ ಕಳ್ಳ ಬಳಕೆ ಇದು: ಕೊಳ್ಳುವಾಗ ಯೋಚನೆಗೆ ಸಮಯವೇ ಕೊಡದಿರುವುದು, ಬಿಡುವಾಗ ಯೋಚನೆಯನ್ನು ಬೇಕೆಂದೇ ದುಬಾರಿ ಮಾಡುವುದು. ಚದುರಂಗದ ಗಡಿಯಾರ ಇಬ್ಬರಿಗೂ ಒಂದೇ ರೀತಿ ಓಡುತ್ತದೆ. ಈ ಗಡಿಯಾರ ಗಿರಾಕಿಯ ಕಡೆ ಮಾತ್ರ ಓಡುತ್ತದೆ.

ಇದರ ವಿರುದ್ಧ ಗಿರಾಕಿಗೆ ನಮ್ಮಲ್ಲಿ ಕಾನೂನಿನ ಬೆಂಬಲ ಇದೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ಆನ್‌ಲೈನ್ ತಂತ್ರಗಳನ್ನು ಹೆಸರಿಸಿ ನಿಷೇಧಿಸಲಾಗಿದೆ. ಇಲ್ಲದ ಅವಸರ ಹುಟ್ಟಿಸುವುದು, ಕೇಳದ್ದನ್ನು ಬುಟ್ಟಿಗೆ ಸೇರಿಸುವುದು, ಚಂದಾದಿಂದ ಹೊರಬರಲು ಬಿಡದಿರುವುದು, ಮೂರೂ ಆ ಪಟ್ಟಿಯಲ್ಲಿವೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡದಲ್ಲೇ ಮಾತನಾಡಬಹುದು.